ಅನಾನಸು ಬೆಳೆದು ಬಾಟಲಿ ತುಂಬುವವರಿಗೆ

ಹಣ್ಣನ್ನು ಮನೆಯಲ್ಲೇ ಬಾಟಲಿಗೆ ತುಂಬಿ ವರ್ಷವಿಡೀ ಇಟ್ಟುಕೊಳ್ಳಲು ಹೊರಟವರು ಹೆಚ್ಚಾಗಿ ಮಾವು, ಹಲಸಿಗೆ ಕೈಹಾಕುತ್ತಾರೆ. ಮೊದಲು ಕಲಿಯಬೇಕಾದದ್ದು ಅನಾನಸಿನ ಮೇಲೆ. ಅದಕ್ಕೆ ಕಾರಣ ಅದರ ಹುಳಿ. ಹುಳಿಯನ್ನು ಅಳೆಯುವುದು ಪಿಎಚ್ ಎಂಬ ಅಂಕಿಯಲ್ಲಿ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು. ಅನಾನಸಿನ ಪಿಎಚ್ ಸುಮಾರು 3.2ರಿಂದ 4ರ ಒಳಗೆ ಇರುತ್ತದೆ. ಗಾಳಿಯಿಲ್ಲದ ಬಾಟಲಿಯೊಳಗೆ ನಾವು ಹೆದರಬೇಕಾದ ಬ್ಯಾಕ್ಟೀರಿಯಾ ಕ್ಲಾಸ್ಟ್ರಿಡಿಯಂ ಬಾಟುಲಿನಂ. ಅದರ ಬೀಜಾಣುಗಳು ಕುದಿನೀರಿಗೆ ಸಾಯುವುದಿಲ್ಲ, 121 ಡಿಗ್ರಿಯಷ್ಟು ಕಾವು ಬೇಕು. ಆದರೆ ಪಿಎಚ್ 4.6ಕ್ಕಿಂತ ಕೆಳಗಿದ್ದರೆ ಅವು ಮೊಳೆತು ವಿಷ ಉಗುಳಲಾರವು. ಕುದಿಸುವುದರಿಂದ ಬೂಷ್ಟು, ಯೀಸ್ಟು, ಮಾಮೂಲಿ ಬ್ಯಾಕ್ಟೀರಿಯಾ ಸಾಯುತ್ತವೆ. ಸಾಯದೆ ಉಳಿದ ಬೀಜಾಣುಗಳನ್ನು ಹುಳಿ ತಡೆಯುತ್ತದೆ. ಸಕ್ಕರೆಗೆ ಇದರಲ್ಲಿ ಪಾತ್ರವಿಲ್ಲ. ಈ ಲೆಕ್ಕ ತಲೆಗೆ ಹತ್ತಿದರೆ ಯಾವ ಹಣ್ಣನ್ನು ತುಂಬಬಹುದು, ಯಾವುದನ್ನು ಮುಟ್ಟಬಾರದು ಎಂಬುದು ತಾನಾಗಿಯೇ ಗೊತ್ತಾಗುತ್ತದೆ.

ಬೆಳೆಯುವುದು ಕಷ್ಟವಲ್ಲ, ನಿಧಾನ ಅಷ್ಟೇ. ಬನವಾಸಿ, ಸಿದ್ದಾಪುರ, ಸೊರಬ, ಸಾಗರದ ಕಡೆ ಗದ್ದೆಗಟ್ಟಲೆ ಬೆಳೆಯುವುದು ಹೆಚ್ಚಾಗಿ ಕ್ಯೂ ತಳಿ. ಎಲೆಗೆ ತುದಿಯಲ್ಲಷ್ಟೇ ಮುಳ್ಳು, ಹಣ್ಣು ಒಂದೂವರೆಯಿಂದ ಮೂರು ಕೆಜಿ, ರಸ ಹೆಚ್ಚು. ಕ್ವೀನ್ ತಳಿಯ ಹಣ್ಣು ಒಂದು ಕೆಜಿಯ ಆಸುಪಾಸು, ತಿರುಳು ಬಂಗಾರದ ಬಣ್ಣ, ಪರಿಮಳವೂ ಸಿಹಿಯೂ ಹೆಚ್ಚು. ಆದರೆ ಎಲೆಯಂಚಿನ ಉದ್ದಕ್ಕೂ ಮುಳ್ಳು. ಕೊಯ್ದು ಹಾಗೇ ತಿನ್ನಲು ಕ್ವೀನ್, ಬಾಟಲಿಗೆ ಕ್ಯೂ. ಕಣ್ಣು ಆಳವಿಲ್ಲದ ದೊಡ್ಡ ಹಣ್ಣಾದರೆ ಸಿಪ್ಪೆ ತೆಗೆಯುವಾಗ ವ್ಯರ್ಥವಾಗುವುದು ಕಡಿಮೆ.

ನೆಡಲು ಗಿಡದ ಬುಡದಿಂದ ಬಂದ ಕಂದೇ ಒಳ್ಳೆಯದು. ಕಂದು ನೆಟ್ಟರೆ ಸುಮಾರು ಒಂದೂವರೆ ವರ್ಷಕ್ಕೆ ಹಣ್ಣು. ಹಣ್ಣಿನ ತಲೆಯ ಜುಟ್ಟು ನೆಟ್ಟರೂ ಬರುತ್ತದೆ, ಆದರೆ ಎರಡು ವರ್ಷ ಕಾಯಬೇಕು. ಅರ್ಧ ಕೆಜಿಯೊಳಗಿನ, ಒಂದೇ ಗಾತ್ರದ ಕಂದುಗಳನ್ನು ಆರಿಸಿ. ಗಾತ್ರ ಬೇರೆ ಬೇರೆಯಾದರೆ ಹಣ್ಣು ಬರುವ ಕಾಲವೂ ಚದುರಿ, ಒಲೆ ಹೂಡುವಷ್ಟು ಹಣ್ಣು ಒಟ್ಟಿಗೆ ಸಿಗುವುದಿಲ್ಲ. ಬುಡದ ಒಣಗಿದ ಎಲೆ ಸುಲಿದು, ಒಂದು ವಾರ ನೆರಳಿನಲ್ಲಿ ಬುಡ ಮೇಲಾಗಿ ಇಟ್ಟು ಗಾಯ ಒಣಗಿಸಬೇಕು. ಹಸಿಗಾಯದಲ್ಲೇ ನೆಟ್ಟರೆ ಕೊಳೆಯುತ್ತದೆ. ನೆಡುವ ಆಳ ನಾಲ್ಕು ಇಂಚು, ಅದಕ್ಕಿಂತ ಹೆಚ್ಚು ಬೇಡ. ಸುಳಿಯೊಳಗೆ ಮಣ್ಣು ಬಿದ್ದರೆ ಆ ಗಿಡದ ಆಸೆ ಬಿಟ್ಟಂತೆಯೇ.

ಜೋಡಿಸಾಲಿನ ಲೆಕ್ಕ ಹೀಗೆ: ಗಿಡದಿಂದ ಗಿಡಕ್ಕೆ ಒಂದು ಅಡಿ, ಜೋಡಿಯ ಎರಡು ಸಾಲುಗಳ ನಡುವೆ ಎರಡು ಅಡಿ, ಒಂದು ಜೋಡಿಯಿಂದ ಇನ್ನೊಂದಕ್ಕೆ ಮೂರು ಅಡಿ. ಆ ಮೂರು ಅಡಿಯನ್ನು ಜಾಗ ಹಾಳೆಂದು ಕಿರಿದು ಮಾಡಿದವರು ಹಣ್ಣು ಕೊಯ್ಯುವಾಗ ಮೊಣಕಾಲು ಗೀಚಿಸಿಕೊಳ್ಳುತ್ತಾರೆ. ಮಣ್ಣು ಸ್ವಲ್ಪ ಹುಳಿಯಿದ್ದರೆ, ಅಂದರೆ ಪಿಎಚ್ 5ರಿಂದ 6ರೊಳಗೆ ಇದ್ದರೆ, ಗಿಡಕ್ಕೆ ಹಿತ. ಮಲೆನಾಡು, ಕರಾವಳಿಯ ಜಂಬಿಟ್ಟಿಗೆ ಮಣ್ಣಿಗೆ ಸುಣ್ಣ ಹಾಕುವ ಕೆಲಸವೇ ಇಲ್ಲ. ನೀರು ನಿಲ್ಲದಂತೆ ಏರು ಮಾಡಿ, ಏಪ್ರಿಲ್ ಮೇ ತಿಂಗಳಲ್ಲಿ ನೆಟ್ಟು, ಜಡಿಮಳೆ ಬರುವ ಹೊತ್ತಿಗೆ ಬೇರು ಹಿಡಿದಿರಬೇಕು. ಮಳೆ ಜೋರಾದ ಮೇಲೆ ನೆಟ್ಟದ್ದು ಸುಳಿಕೊಳೆಗೆ ಹೋಗುತ್ತದೆ: ನಡುವಿನ ಎಲೆ ಹಿಡಿದೆಳೆದರೆ ಬುಡ ಕೊಳೆತು ನಾರುತ್ತಾ ಕೈಗೆ ಬರುತ್ತದೆ.

ಎಲೆಯ ತುದಿ ಕೆಂಪಾಗಿ, ಕೆಳಮುಖವಾಗಿ ಸುರುಳಿಕೊಂಡು ಒಣಗುತ್ತಿದ್ದರೆ ನೀರು ಸಾಲದೆಂದು ತಿಳಿಯಬೇಡಿ. ಬುಡದ ಎಲೆಸಂದು ಬಿಡಿಸಿ ನೋಡಿ. ಬಿಳಿ ಹಿಟ್ಟಿನಂಥದ್ದು ಅಂಟಿದ್ದರೆ ಅದು ಹಿಟ್ಟು ತಿಗಣೆ. ಅದನ್ನು ಗಿಡದಿಂದ ಗಿಡಕ್ಕೆ ಹೊತ್ತು ಸಾಗಿಸುವುದು ಇರುವೆ. ಇರುವೆ ಗೂಡು ತೆಗೆಯದೆ ತಿಗಣೆಗೆ ಮಾತ್ರ ಔಷಧಿ ಹೊಡೆದರೆ ಮತ್ತೆ ಬರುತ್ತದೆ. ಆ ಗಿಡದ ಕಂದನ್ನಂತೂ ನೆಡಬಾರದು.

ಹೂ ಬಂದು ಸುಮಾರು ಐದು ತಿಂಗಳಿಗೆ ಕೊಯ್ಲು. ಬಿಸಿಲಿಗೆ ಹಣ್ಣಿನ ಒಂದು ಮಗ್ಗುಲು ಬೆಂದು ಬೆಳ್ಳಗಾಗದಂತೆ ಗಿಡದ ಎಲೆಗಳನ್ನೇ ಎತ್ತಿ ಹಣ್ಣಿನ ಮೇಲೆ ಕಟ್ಟಬಹುದು, ಅಥವಾ ಅಡಕೆ ಸೋಗೆ ಮುಚ್ಚಬಹುದು. ಕಣ್ಣುಗಳು ಉಬ್ಬು ಕಳೆದು ಚಪ್ಪಟೆಯಾಗಿ, ಬುಡದ ಕಡೆಯಿಂದ ಕಾಲು ಭಾಗದಷ್ಟು ಹಳದಿ ತಿರುಗಿದಾಗ ಕೊಯ್ಯಿರಿ. ಅನಾನಸು ಕೊಯ್ದ ಮೇಲೆ ಬಣ್ಣ ಬದಲಿಸಬಹುದು, ಮೆತ್ತಗಾಗಬಹುದು, ಸಿಹಿ ಮಾತ್ರ ಏರುವುದಿಲ್ಲ. ಪೂರ್ತಿ ಹಳದಿಯಾಗಿ ಘಂ ಎನ್ನುವ ಹಣ್ಣು ತಿನ್ನಲು ಚೆನ್ನ, ಬಾಟಲಿಯಲ್ಲಿ ಅದು ನಾರು ನಾರಾಗಿ ಬಿಟ್ಟುಕೊಳ್ಳುತ್ತದೆ. ಕೊಯ್ಲಾದ ಗಿಡದಲ್ಲಿ ಒಂದೆರಡು ಕಂದು ಬಿಟ್ಟು, ಉಳಿದದ್ದು ಕಿತ್ತು, ಬುಡಕ್ಕೆ ಮಣ್ಣು ಏರಿಸಿದರೆ ಕೂಳೆ ಬೆಳೆಯೂ ಸಿಗುತ್ತದೆ. ಹಣ್ಣು ಮಾತ್ರ ಸ್ವಲ್ಪ ಸಣ್ಣದು.

ಇನ್ನು ಬಾಟಲಿ. ಎರಡು ಕೆಜಿಯ ಹಣ್ಣೊಂದರಲ್ಲಿ ಅರ್ಧ ಲೀಟರಿನ ಮೂರು ಬಾಟಲಿಗೆ ಸ್ವಲ್ಪ ಕಡಿಮೆಯಾಗುವಷ್ಟು ಹೋಳು ಸಿಗುತ್ತದೆ. ಹಳೆಯ ಜಾಮ್ ಬಾಟಲಿಯ ಗಾಜನ್ನು ಮತ್ತೆ ಬಳಸಬಹುದು, ಮುಚ್ಚಳವನ್ನಲ್ಲ. ತಿರುಗಿಸಿ ಮುಚ್ಚುವ ತಗಡಿನ ಮುಚ್ಚಳದ ಒಳಗೆ ಮೆತ್ತನೆಯ ಒಂದು ಪಟ್ಟಿ ಇರುತ್ತದೆ. ಕಾದಾಗ ಅದು ಇಳಿದು ಬಾಟಲಿಯ ಬಾಯಿಗೆ ಕಚ್ಚಿಕೊಳ್ಳುತ್ತದೆ. ಒಮ್ಮೆ ಕಚ್ಚಿದ ಗುರುತು ಬಿದ್ದ ಮೇಲೆ ಎರಡನೇ ಸಲ ಅದನ್ನು ನಂಬುವಂತಿಲ್ಲ. ಬಾಟಲಿ ಮಾರುವ ಸಗಟು ಅಂಗಡಿಗಳಲ್ಲಿ ಹೊಸ ಮುಚ್ಚಳ ಬಿಡಿಯಾಗಿ ಸಿಗುತ್ತದೆ. 53, 63, 70, 82 ಮಿಲಿಮೀಟರ್ ಎಂದು ಬಾಯಿಯ ಅಳತೆ ಹೇಳಿ ಕೇಳಬೇಕು. ನಡುವೆ ಒತ್ತಿದರೆ ಟಿಕ್ ಎನ್ನುವ ಗುಂಡಿ ಇರುವುದನ್ನೇ ತನ್ನಿ. ಬಾಟಲಿಯ ಬಾಯಂಚಿನ ಮೇಲೆ ಬೆರಳಾಡಿಸಿ ನೋಡಿ. ಅಕ್ಕಿಕಾಳಿನ ಅರ್ಧದಷ್ಟು ಚಕ್ಕೆ ಎದ್ದಿದ್ದರೂ ಅದು ಬೇಳೆಕಾಳಿನ ಡಬ್ಬಿಯಾಗಲಿ.

ಕೆಳಗೆ ಹೇಳಿದ ಹೊತ್ತು ಕುದಿಸುವುದಾದರೆ ಬಾಟಲಿಯನ್ನು ಬೇರೆಯಾಗಿ ಕ್ರಿಮಿಶುದ್ಧಿ ಮಾಡಬೇಕಿಲ್ಲ. ಸಾಬೂನು ನೀರಲ್ಲಿ ತೊಳೆದು, ತುಂಬುವವರೆಗೂ ಬಿಸಿನೀರಲ್ಲೇ ಮುಳುಗಿಸಿಡಿ. ಗಾಜು ಒಡೆಯುವುದು ಕಾವಿನಿಂದಲ್ಲ, ಕಾವಿನ ವ್ಯತ್ಯಾಸದಿಂದ. ಮುಚ್ಚಳವನ್ನು ಬಿಸಿನೀರಲ್ಲಿ ಅದ್ದಿಟ್ಟರೆ ಸಾಕು, ಕುದಿಸಿದರೆ ಒಳಪಟ್ಟಿ ತೆಳುವಾಗುತ್ತದೆ.

ಪಾಕಕ್ಕೆ ಒಂದು ಲೀಟರ್ ನೀರಿಗೆ 250 ಗ್ರಾಂ ಸಕ್ಕರೆ ಹಾಕಿದರೆ ತೆಳು ಪಾಕ, 430 ಗ್ರಾಂ ಹಾಕಿದರೆ ಮಧ್ಯಮ. ಕ್ಯೂ ಹಣ್ಣಿಗೆ ತೆಳು ಪಾಕವೇ ಸರಿ. ಸಕ್ಕರೆ ಇರುವುದು ರುಚಿ, ಬಣ್ಣ, ಹೋಳಿನ ಬಿಗಿ ಉಳಿಸಲು ಮಾತ್ರ. ಸಕ್ಕರೆ ಕಾಯಿಲೆ ಇರುವ ಮನೆಯಲ್ಲಿ ಬರೀ ನೀರಲ್ಲೋ ಅನಾನಸಿನ ರಸದಲ್ಲೋ ತುಂಬಿದರೂ ಕೆಡುವುದಿಲ್ಲ. ಬೆಲ್ಲದ ಪಾಕ ಬೇಡ. ಬೆಲ್ಲ ಕಾಸುವಾಗ ಸುಣ್ಣ ಸೇರಿಸುತ್ತಾರೆ, ಅದು ನಾವು ನಂಬಿಕೊಂಡ ಹುಳಿಯನ್ನೇ ತಗ್ಗಿಸುತ್ತದೆ.

ಹಣ್ಣಿನ ತಲೆ, ಬುಡ ಕತ್ತರಿಸಿ ನಿಲ್ಲಿಸಿ, ಸಿಪ್ಪೆಯನ್ನು ಮೇಲಿನಿಂದ ಕೆಳಕ್ಕೆ ಇಳಿಸಿ. ಕಣ್ಣುಗಳು ಓರೆಯಾಗಿ ಸುತ್ತುಸಾಲಿನಲ್ಲಿ ಕೂತಿರುತ್ತವೆ. ಒಂದೊಂದೇ ಕೀಳುತ್ತಾ ಕೂರದೆ, ಆ ಓರೆಸಾಲಿನ ಗುಂಟ ಎರಡೂ ಬದಿಯಿಂದ ಚಾಕು ಇಳಿಸಿ ಕಾಲುವೆಯಂತೆ ತೆಗೆದರೆ ಒಂದು ಸಾಲು ಒಟ್ಟಿಗೆ ಬರುತ್ತದೆ. ನಡುದಿಂಡು ತೆಗೆದು ಒಂದಿಂಚಿನ ಹೋಳು ಮಾಡಿ. ಸ್ಟೀಲ್ ಪಾತ್ರೆಯಲ್ಲಿ ಪಾಕ ಕುದಿಸಿ, ಹೋಳು ಹಾಕಿ, ಸಣ್ಣ ಉರಿಯಲ್ಲಿ ಹತ್ತು ನಿಮಿಷ ಬೇಯಿಸಬೇಕು. ಅಲ್ಯುಮಿನಿಯಂ ಬೇಡ, ಹುಳಿಗೆ ಅದು ಕರಗುತ್ತದೆ. ಈ ಹತ್ತು ನಿಮಿಷ ಬಿಟ್ಟು ಹಸಿಹೋಳನ್ನೇ ತುಂಬಿದರೆ ಹೋಳಿನೊಳಗಿನ ಗಾಳಿ ಹೊರಬರದೆ ಹಣ್ಣೆಲ್ಲ ಮೇಲೆ ತೇಲಿ, ಕೆಳಗೆ ಬರೀ ಪಾಕ ನಿಲ್ಲುತ್ತದೆ.

ಬಿಸಿ ಬಾಟಲಿಗೆ ಬಿಸಿ ಹೋಳು, ಮೇಲೆ ಬಿಸಿ ಪಾಕ. ಬಾಯಂಚಿನಿಂದ ಅರ್ಧ ಇಂಚು ಖಾಲಿ ಬಿಡಿ. ಈ ಅರ್ಧ ಇಂಚಿನಲ್ಲೇ ಎಲ್ಲ ಇದೆ. ಕಡಿಮೆ ಬಿಟ್ಟರೆ ಕುದಿಯುವಾಗ ಪಾಕ ಉಕ್ಕಿ, ಮುಚ್ಚಳಕ್ಕೂ ಗಾಜಿಗೂ ನಡುವೆ ಅಂಟು ಕೂತು ಬಿಗಿಯಾಗುವುದಿಲ್ಲ. ಹೆಚ್ಚು ಬಿಟ್ಟರೆ ಒಳಗಿನ ಗಾಳಿಯೆಲ್ಲ ಹೊರಹೋಗದೆ ಮೇಲಿನ ಹೋಳು ಕಂದಾಗುತ್ತದೆ. ತೆಳ್ಳನೆಯ ಬಿದಿರುಕಡ್ಡಿ ಒಳಗಿಳಿಸಿ ಗಾಜಿನ ಗುಂಟ ಆಡಿಸಿ, ಗುಳ್ಳೆ ಹೋಗಲಿ; ಮಟ್ಟ ಇಳಿದರೆ ಪಾಕ ಹಾಕಿ. ಒದ್ದೆ ಬಟ್ಟೆಯಿಂದ ಬಾಯಿ ಒರೆಸಿ ಮುಚ್ಚಿ.

ಆಳದ ಪಾತ್ರೆಯ ತಳಕ್ಕೆ ತೂತಿನ ತಟ್ಟೆಯನ್ನೋ ನಾಲ್ಕು ಮಡಿಕೆಯ ಬಟ್ಟೆಯನ್ನೋ ಹಾಕಿ, ಬಾಟಲಿಗಳನ್ನು ಒಂದಕ್ಕೊಂದು ತಾಗದಂತೆ ನಿಲ್ಲಿಸಿ. ಬಿಸಿನೀರು ಮುಚ್ಚಳದ ಮೇಲೆ ಒಂದಿಂಚಾದರೂ ನಿಲ್ಲಬೇಕು. ನೀರು ಕೊತಕೊತ ಕುದಿಯಲು ಶುರುವಾದ ಮೇಲೆ ಹೊತ್ತು ಎಣಿಸಿ. ಅರ್ಧ ಲೀಟರಿನ ಬಾಟಲಿಗೆ ಮಂಗಳೂರು, ಉಡುಪಿ, ಕಾರವಾರದಲ್ಲಿ 15 ನಿಮಿಷ. ಸಮುದ್ರಮಟ್ಟದಿಂದ 300 ಮೀಟರ್ ಏರಿದ ಊರುಗಳಲ್ಲಿ, ಅಂದರೆ ಮೈಸೂರು, ಧಾರವಾಡ, ಬೆಂಗಳೂರು, ಮಡಿಕೇರಿಯಲ್ಲಿ 20 ನಿಮಿಷ. ಬೆಂಗಳೂರಿನ ಎತ್ತರದಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ, ಎಷ್ಟು ಉರಿ ಹಾಕಿದರೂ ಅದಕ್ಕಿಂತ ಮೇಲೇರದು. ಆ ಕೊರತೆ ತುಂಬಲೆಂದೇ ಐದು ನಿಮಿಷ ಹೆಚ್ಚು.

ಉರಿ ಆರಿಸಿ ಐದು ನಿಮಿಷ ಬಿಟ್ಟು ಬಾಟಲಿ ಎತ್ತಿ. ಕಲ್ಲಿನ ಕಟ್ಟೆಯ ಮೇಲಲ್ಲ, ಬಟ್ಟೆಯ ಮೇಲೆ ಇಡಿ, ಫ್ಯಾನು ಬೇಡ. ತಲೆಕೆಳಗು ಮಾಡುವ ಪದ್ಧತಿ ಬಹಳ ಮನೆಗಳಲ್ಲಿದೆ. ಕುದಿಸುವುದಕ್ಕೆ ಅದು ಬದಲಿಯಲ್ಲ, ಮೇಲಾಗಿ ಕಚ್ಚುತ್ತಿರುವ ಪಟ್ಟಿಗೂ ಮುಚ್ಚಳಕ್ಕೂ ನಡುವೆ ಪಾಕ ನುಗ್ಗಿಸುತ್ತದೆ. ತಣಿಯುವಾಗ ಮುಚ್ಚಳ ಮತ್ತೆ ಬಿಗಿಮಾಡಬಾರದು. ಮರುದಿನ ಮುಚ್ಚಳದ ನಡು ಒತ್ತಿ ನೋಡಿ. ಒಳಕ್ಕೆ ತಗ್ಗಿ, ಅಲುಗದೆ ಇದ್ದರೆ ಸರಿ. ಟಿಕ್ ಟಿಕ್ ಎಂದರೆ ಆ ಬಾಟಲಿ ಫ್ರಿಜ್ಜಿಗೆ, ವಾರದೊಳಗೆ ಖಾಲಿ.

ಕುಕ್ಕರಿನಲ್ಲಿ ನಾಲ್ಕು ಸೀಟಿ ಹಾಕಿಸಿದರೆ 120 ಡಿಗ್ರಿ ಬರುವುದಿಲ್ಲವೇ, ಹುಳಿಯಿಲ್ಲದ ಹಣ್ಣು, ತರಕಾರಿಯನ್ನೂ ತುಂಬಬಹುದಲ್ಲ ಎಂದು ಕೇಳುವವರಿದ್ದಾರೆ. ಆವಿಗೆ ಆ ಕಾವು ಬರುತ್ತದೆ. ಬಾಟಲಿಯ ನಡುವಿನ ಹೋಳಿಗೆ ಯಾವಾಗ ಬಂತು, ಎಷ್ಟು ಹೊತ್ತು ನಿಂತಿತು ಎಂದು ಸೀಟಿ ಹೇಳುವುದಿಲ್ಲ. ಒತ್ತಡದಲ್ಲಿ ತುಂಬುವ ದೊಡ್ಡ ಪಾತ್ರೆಗಳಿಗೆಂದು ಲೆಕ್ಕ ಹಾಕಿದ ಹೊತ್ತಿನಲ್ಲಿ ಅವು ನಿಧಾನವಾಗಿ ಕಾಯುವ, ನಿಧಾನವಾಗಿ ತಣಿಯುವ ಸಮಯವೂ ಸೇರಿರುತ್ತದೆ. ನಮ್ಮ ಐದು ಲೀಟರಿನ ಕುಕ್ಕರ್ ಬೇಗ ಕಾದು ಬೇಗ ಇಳಿಯುತ್ತದೆ. ಹಾಗಾಗಿ ಬೀನ್ಸು, ಹಲಸಿನ ತೊಳೆ, ಜೋಳ ಇವುಗಳನ್ನು ಮನೆಯಲ್ಲಿ ಬಾಟಲಿಗೆ ತುಂಬಿ ಹೊರಗಿಡಬೇಡಿ. ಮೊದಲು ಹೇಳಿದ ಬಾಟುಲಿನಂ ಉಗುಳುವ ವಿಷಕ್ಕೆ ವಾಸನೆ ಇರಲೇಬೇಕೆಂದಿಲ್ಲ, ರುಚಿ ನೋಡಿ ತಿಳಿಯುವ ವಿಷಯವಲ್ಲ.

ಹಲಸಿಗೆ ನಮ್ಮಲ್ಲಿ ಇದಕ್ಕಿಂತ ಒಳ್ಳೆಯ ದಾರಿಗಳೇ ಇವೆ: ಕಾಯಿಯ ತೊಳೆಗೆ ಉಪ್ಪು, ಹಣ್ಣಿಗೆ ಬೆಲ್ಲ ಹಾಕಿ ನೀರು ಬತ್ತಿಸಿದ ಬೆರಟಿ, ಇಲ್ಲವೇ ಹಪ್ಪಳ. ಕಳಿತ ಮಾವಿನ ಪಿಎಚ್ ಕೆಲವು ಹಣ್ಣಿನಲ್ಲಿ 4.6 ದಾಟುತ್ತದೆ, ಅದರ ರಸ ಒಣಗಿಸಿ ಮಾಂಬಳ ಮಾಡಿ ಅಥವಾ ಫ್ರೀಜರಿಗೆ ಹಾಕಿ. ಬಾಟಲಿಗೆ ಬೇಕೆಂದರೆ ಇನ್ನೂ ಗಟ್ಟಿಯಾಗಿರುವ, ಹುಳಿ ಕಳೆದುಕೊಳ್ಳದ ಮಾವು. ಪಪ್ಪಾಯಿ, ಬಾಳೆ, ಕಲ್ಲಂಗಡಿ ಹುಳಿಯ ಹಣ್ಣುಗಳಲ್ಲ. ಟೊಮೇಟೊ ಗಡಿಯ ಮೇಲೆ ಕೂತಿದೆ. ನಾಟಿಯಾಗಲಿ ಹೈಬ್ರಿಡ್ ಆಗಲಿ, ಜಜ್ಜಿ ಕುದಿಸಿ ತುಂಬುವಾಗ ಅರ್ಧ ಲೀಟರಿಗೆ ಕಾಲು ಟೀಚಮಚ ಸಿಟ್ರಿಕ್ ಆ್ಯಸಿಡ್ ಹಾಕಲೇಬೇಕು, ಅದರ ಬದಲು ನಿಂಬೆಹಣ್ಣು ಹಿಂಡಬೇಡಿ, ಅದರ ಹುಳಿ ಒಂದೊಂದಕ್ಕೂ ಬೇರೆ. ಟೊಮೇಟೊ ಬಾಟಲಿ ಕುದಿಸುವ ಹೊತ್ತು ಕರಾವಳಿಯಲ್ಲಿ 35 ನಿಮಿಷ, ಮೈಸೂರಿನಲ್ಲಿ 40, ಬೆಂಗಳೂರು ಮಡಿಕೇರಿಯಲ್ಲಿ 45. ಈರುಳ್ಳಿ, ಬೆಳ್ಳುಳ್ಳಿ, ಒಗ್ಗರಣೆ ಎಲ್ಲ ಬಾಟಲಿ ತೆರೆದ ಮೇಲೆ.

ತುಂಬಿದ ಅನಾನಸನ್ನು ಬೆಳಕು ಬೀಳದ, ಮನೆಯ ತಂಪು ಜಾಗದಲ್ಲಿ ಇಟ್ಟು ವರ್ಷದೊಳಗೆ ಮುಗಿಸಿ. ಒಲೆಯ ಮೇಲಿನ ಅಟ್ಟ ಬೇಡ, ಸೆಕೆಗೆ ಬಣ್ಣ ಕಂದಿಹೋಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಮುಚ್ಚಳದ ಅಂಚು ತುಕ್ಕು ಹಿಡಿಯುತ್ತದೆ. ಎತ್ತಿಡುವ ಮುಂಚೆ ಹೊರಗಿನ ಪಾಕದ ಅಂಟನ್ನು ತೊಳೆದು ಒಣಗಿಸಿದರೆ ಅರ್ಧ ತೊಂದರೆ ತಪ್ಪುತ್ತದೆ. ಉಬ್ಬಿದ ಮುಚ್ಚಳ, ತೆರೆದಾಗ ಚಿಮ್ಮುವ ಪಾಕ, ಗುಳ್ಳೆ ಏಳುವ ಹಣ್ಣು ಕಂಡರೆ ನಾಲಿಗೆಗೆ ತಾಗಿಸದೆ ದನಕ್ಕೂ ಹಾಕದೆ ಹೂತುಬಿಡಿ.

ಅಡುಗೆಗೆ ಬಾಟಲಿಯ ಹೋಳು ಒಂದು ವಿಷಯದಲ್ಲಿ ತಾಜಾ ಹಣ್ಣಿಗಿಂತ ವಾಸಿ. ಹಸಿ ಅನಾನಸಿನಲ್ಲಿರುವ ಬ್ರೊಮೆಲೈನ್ ಎಂಬ ಕಿಣ್ವ ಹಾಲು ಮೊಸರಿನ ಪ್ರೋಟೀನನ್ನು ಒಡೆದು ಕಹಿ ಮಾಡುತ್ತದೆ. ಕುದಿಯಲ್ಲಿ ಆ ಕಿಣ್ವ ಸತ್ತಿರುವುದರಿಂದ ಬಾಟಲಿಯ ಹೋಳನ್ನು ಮೊಸರಿಗೆ ಬೆರೆಸಿ ಎರಡು ಗಂಟೆ ಇಟ್ಟರೂ ಕಹಿಯಾಗುವುದಿಲ್ಲ. ಸಿಹಿ, ಹುಳಿ, ಖಾರದ ಮೆಣಸ್ಕಾಯಿ ಗೊಜ್ಜಿಗೆ ಹಾಕುವುದಾದರೆ ಹೋಳು ಆಗಲೇ ಬೆಂದಿದೆ ಎಂಬುದನ್ನು ನೆನಪಿಟ್ಟು ಮಸಾಲೆ ಕುದಿದ ಮೇಲೆ ಕೊನೆಗೆ ಹಾಕಿ, ಬೆಲ್ಲ ಅರ್ಧಕ್ಕೆ ಇಳಿಸಿ. ಉಳಿದ ಪಾಕ ಕೇಸರಿಬಾತಿಗೆ ನೀರಿನ ಬದಲು ಆಗುತ್ತದೆ.