ಡಿಕ್ರಿ ಕೈಗೆ ಬಂದ ಮೇಲೆ ನಾನು ಕಲಿತ ಅಮಲ್ಜಾರಿ

ವಕೀಲಿಕೆಯ ಆರಂಭದ ವರ್ಷಗಳಲ್ಲಿ, ಡಿಕ್ರಿಯಾದರೆ, ಅಂದರೆ ನ್ಯಾಯಾಲಯದ ತೀರ್ಪಿನ ಆದೇಶ ನಮ್ಮ ಪರ ಬಂದರೆ, ಹಣ ಕೈಸೇರಿದಂತೆಯೇ ಎಂದು ನಾನು ನಂಬಿದ್ದೆ. ಒಬ್ಬ ದರ್ಜಿಯ ವಿರುದ್ಧ ನಡೆಸಿದ ಸಾಲ ವಸೂಲಿ ದಾವೆ ಆ ನಂಬಿಕೆಯನ್ನು ಬದಲಿಸಿತು.

ದಾವೆ ನಡೆಯುತ್ತಿದ್ದಾಗಲೇ, ಪ್ರತಿವಾದಿ ತಮ್ಮ ನಿವೇಶನವನ್ನು ಮಾರಲು ಓಡಾಡುತ್ತಿದ್ದಾರೆ ಎಂದು ನನ್ನ ಕಕ್ಷಿದಾರರು ಹೇಳಿದ್ದರು. ಡಿಕ್ರಿಯನ್ನು ನಿಷ್ಫಲಗೊಳಿಸುವ ಉದ್ದೇಶದಿಂದ ಆಸ್ತಿ ಪರಭಾರೆಯಾಗುತ್ತಿದೆ ಎಂದು ನ್ಯಾಯಾಲಯಕ್ಕೆ ಮನವರಿಕೆಯಾದರೆ, 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 38, ನಿಯಮ 5ರಡಿ ತೀರ್ಪಿಗೆ ಮೊದಲೇ ಜಪ್ತಿ ಆದೇಶ ಪಡೆಯಬಹುದು. ನಾನು ಆ ಅರ್ಜಿ ಹಾಕಲಿಲ್ಲ. ತೀರ್ಪು ಬರುವಷ್ಟರಲ್ಲಿ ನಿವೇಶನ ಬೇರೆಯವರ ಹೆಸರಿನಲ್ಲಿತ್ತು.

ಅಮಲ್ಜಾರಿ ಅರ್ಜಿಯಲ್ಲಿ, ಅಂದರೆ ಡಿಕ್ರಿಯನ್ನು ಜಾರಿಗೆ ತರಲು ಕೋರುವ ಅರ್ಜಿಯಲ್ಲಿ, ಚರ ಆಸ್ತಿಗಳ ಜಪ್ತಿ ಕೇಳಿದೆ. ಜಪ್ತಿಗೆ ಹೋಗುವ ನ್ಯಾಯಾಲಯದ ಸಿಬ್ಬಂದಿಯಾದ ಅಮೀನರ ವರದಿಯಲ್ಲಿ ಎರಡು ಹೊಲಿಗೆ ಯಂತ್ರ, ಒಂದು ಇಸ್ತ್ರಿ ಪೆಟ್ಟಿಗೆ, ಅಡುಗೆ ಪಾತ್ರೆಗಳು ಎಂದಷ್ಟೇ ಇತ್ತು. ಕುಶಲಕರ್ಮಿಯ ಉಪಕರಣಗಳನ್ನೂ ಅಡುಗೆ ಪಾತ್ರೆಗಳನ್ನೂ ಅದೇ ಸಂಹಿತೆಯ ಕಲಂ 60 ಜಪ್ತಿಯಿಂದ ರಕ್ಷಿಸುತ್ತದೆ. ಆ ಹೊತ್ತಿನಲ್ಲಿ ನಿರಾಶೆಯಾಯಿತಾದರೂ, ಈ ವಿನಾಯಿತಿ ನ್ಯಾಯವಾದುದೆಂದೇ ಈಗ ನನಗೆ ಅನ್ನಿಸುತ್ತದೆ. ಸಂಬಳದಲ್ಲೂ ಇದೇ ರೀತಿ ಮೊದಲ 1,000 ರೂಪಾಯಿ ಮತ್ತು ಉಳಿದುದರ ಮೂರನೇ ಎರಡು ಭಾಗವನ್ನು ಮುಟ್ಟುವಂತಿಲ್ಲ. ಅಂದರೆ ಲೆಕ್ಕಕ್ಕೆ ಬರುವ ಸಂಬಳ 31,000 ರೂಪಾಯಿಯಾದರೆ ತಿಂಗಳಿಗೆ 10,000 ರೂಪಾಯಿ ಮಾತ್ರ ಜಪ್ತಿಯಾಗುತ್ತದೆ.

“ಹಾಗಾದರೆ ಅವರನ್ನು ಜೈಲಿಗೆ ಕಳಿಸಿ” ಎಂದು ಕಕ್ಷಿದಾರರು ಕೋಪಗೊಂಡರು. ಕೊಡುವ ಶಕ್ತಿಯೇ ಇಲ್ಲದವರನ್ನು, ಕೊಡಲಿಲ್ಲವೆಂಬ ಒಂದೇ ಕಾರಣಕ್ಕೆ ಸಿವಿಲ್ ಬಂಧನಕ್ಕೆ ಕಳಿಸಲಾಗದು ಎಂದು ಸುಪ್ರೀಂ ಕೋರ್ಟ್ 1980ರಲ್ಲೇ ಹೇಳಿದೆ ಎಂಬುದನ್ನು ಅವರಿಗೆ ವಿವರಿಸಲು ಒಂದು ಸಂಜೆಯೇ ಹಿಡಿಯಿತು.

ದಾರಿ ತೋರಿಸಿದ್ದು ಆದೇಶ 21ರ ನಿಯಮ 41. ಹಣದ ಡಿಕ್ರಿ 30 ದಿನ ತೀರದೆ ಉಳಿದರೆ, ಋಣಿ ತನ್ನ ಆಸ್ತಿಯ ವಿವರವನ್ನು ಪ್ರಮಾಣಪತ್ರದಲ್ಲಿ (ಅಫಿಡವಿಟ್) ಸಲ್ಲಿಸುವಂತೆ ನ್ಯಾಯಾಲಯ ಆದೇಶಿಸಬಹುದು. ಆದೇಶ ಮೀರಿದವರಿಗೆ ಮೂರು ತಿಂಗಳವರೆಗೆ ಸಿವಿಲ್ ಬಂಧನ ವಿಧಿಸಬಹುದು. ದರ್ಜಿ ಸಲ್ಲಿಸಿದ ಪ್ರಮಾಣಪತ್ರದ ಎರಡನೇ ಪುಟದಲ್ಲಿ, ಸಮವಸ್ತ್ರ ಹೊಲಿದುಕೊಟ್ಟ ಬಾಬ್ತು ಒಂದು ಖಾಸಗಿ ಸಂಸ್ಥೆಯಿಂದ ಹಣ ಬರಬೇಕಿದೆ ಎಂಬ ಒಂದೇ ಸಾಲಿತ್ತು. ಅದನ್ನು ಹಿಡಿದು, ಋಣಿಗೆ ಹಣ ಕೊಡಬೇಕಾದವರಿಂದಲೇ ವಸೂಲಿಗೆ ಅವಕಾಶ ಕೊಡುವ ನಿಯಮ 46ಎ ಅಡಿ ಆ ಸಂಸ್ಥೆಗೆ ನೋಟಿಸು ಕೊಡಿಸಿದೆ. ಬಾಕಿಯನ್ನು ಅವರು ತಕರಾರಿಲ್ಲದೆ ನ್ಯಾಯಾಲಯದಲ್ಲಿ ಠೇವಣಿ ಇಟ್ಟರು. ಡಿಕ್ರಿಯ ಅರ್ಧಕ್ಕಿಂತ ಹೆಚ್ಚು ಹಣ ಹೀಗೆ ಬಂತು.

ಈಗ ದಾವೆ ಹೂಡುವ ಮೊದಲೇ, ಸಾಲಗಾರರ ನಿವೇಶನದ ಚೆಕ್ಕುಬಂದಿ, ಬ್ಯಾಂಕ್ ಖಾತೆ, ಅವರಿಗೆ ಹಣ ಕೊಡಬೇಕಾದವರು ಯಾರು ಎಂಬುದನ್ನು ಕಕ್ಷಿದಾರರಿಂದ ಬರೆಸಿಕೊಳ್ಳುತ್ತೇನೆ. ಡಿಕ್ರಿ ಜಾರಿಗೆ 12 ವರ್ಷ ಕಾಲಾವಕಾಶವಿದೆ ನಿಜ, ಆದರೆ ಆಸ್ತಿ ಅಷ್ಟು ದಿನ ಕಾಯುತ್ತ ಕೂರುವುದಿಲ್ಲ.

ಉಳಿದ ಹಣವನ್ನು ದರ್ಜಿ ಅದೇ ಎರಡು ಯಂತ್ರಗಳ ದುಡಿಮೆಯಿಂದ ಕಂತುಗಳಲ್ಲಿ ತೀರಿಸಿದರು. ನ್ಯಾಯಾಲಯದ ಹೊರಗೆ ಕೊಟ್ಟ ಹಣ ದಾಖಲಾಗದಿದ್ದರೆ ಅಮಲ್ಜಾರಿ ನ್ಯಾಯಾಲಯ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲವಾದ್ದರಿಂದ, ಪ್ರತಿ ಕಂತನ್ನೂ ಆದೇಶ 21ರ ನಿಯಮ 2ರಂತೆ ನಾವೇ ದಾಖಲು ಮಾಡಿಸಿದೆವು.