ಕಣಜ 2: ಹಳೆ ಆಪ್ಷನ್‌ಗಳನ್ನು ಏನು ಮಾಡುವುದು?

ಶನಿವಾರ, ರಾತ್ರಿ

ಕಣಜ ಅಂದರೆ ನಾನು ಮೂರು ವರ್ಷದಿಂದ ಬಿಡುವು ಸಿಕ್ಕಾಗ ಬರೆಯುತ್ತಿರುವ ಪುಟ್ಟ ಫೈಲ್‌ಸಿಸ್ಟಮ್, ಅಂದರೆ ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ಪ್ರೋಗ್ರಾಂ. ಕರ್ನಲ್‌ನ (ಲಿನಕ್ಸ್‌ನ ತಿರುಳಿನ) ಹೊರಗೇ ಫೈಲ್‌ಸಿಸ್ಟಮ್ ಓಡಿಸಲು ಬಿಡುವ ಫ್ಯೂಸ್ ಮೇಲೆ ಓಡುತ್ತದೆ. ಒಂದೇ ಫೋಟೊ ಹತ್ತು ಫೋಲ್ಡರ್‌ನಲ್ಲಿದ್ದರೂ ಡಿಸ್ಕ್‌ನಲ್ಲಿ ಒಂದೇ ಸಲ ಇಡುತ್ತದೆ. ಬಳಸುವವರು ಆರು ಮನೆಯವರು. ಆರು ಮನೆಯ ಫೋಟೊಗಳೂ ಅದರಲ್ಲೇ ಇವೆ, ಹಾಗಾಗಿ ನನಗೆ ಇದು ಸಣ್ಣ ಕೆಲಸವಲ್ಲ.

ಹೋದ ತಿಂಗಳು ಇದನ್ನು ಫ್ಯೂಸ್‌ನ ಲೈಬ್ರರಿಯಾದ ಲಿಬ್‌ಫ್ಯೂಸ್‌ನ ಆವೃತ್ತಿ 2ರಿಂದ 3ಕ್ಕೆ ತಂದೆ. ಕಂಪೈಲ್ ಆಯಿತು, ಟೆಸ್ಟ್‌ಗಳೆಲ್ಲ ಪಾಸಾದವು, ಎಲ್ಲರಿಗೂ ಕಳಿಸಿಬಿಟ್ಟೆ. ಎರಡು ವಾರದ ಮೇಲೆ ಹಾಸನದಿಂದ ಭಾವನ ಫೋನ್: "ಏನಪ್ಪಾ, ಗೃಹಪ್ರವೇಶದ ಫೋಟೊ ಒಂದೂ ಕಾಣ್ತಿಲ್ಲ."

ಆಗಿದ್ದು ಇಷ್ಟು. ಬೂಟ್ ಆಗುವಾಗ ಯಾವ ಫೈಲ್‌ಸಿಸ್ಟಮ್ ಅನ್ನು ಯಾವ ಫೋಲ್ಡರ್‌ಗೆ, ಯಾವ ಆಪ್ಷನ್‌ಗಳೊಂದಿಗೆ ಮೌಂಟ್ ಮಾಡಬೇಕು (ಜೋಡಿಸಬೇಕು) ಅಂತ ಎಫ್‌ಎಸ್‌ಟ್ಯಾಬ್ ಫೈಲ್‌ನಲ್ಲಿ ಬರೆದಿರುತ್ತದೆ. ಭಾವನ ಎಫ್‌ಎಸ್‌ಟ್ಯಾಬ್ ಸಾಲಿನಲ್ಲಿ ನಾನೇ ಹಿಂದೊಮ್ಮೆ 'ನಾನ್‌ಎಂಪ್ಟಿ' ಅಂತ ಸೇರಿಸಿದ್ದೆ. ಲಿಬ್‌ಫ್ಯೂಸ್ 2ರಲ್ಲಿ ಮೌಂಟ್ ಮಾಡುವ ಫೋಲ್ಡರ್ ಖಾಲಿ ಇರದಿದ್ದರೆ ಮೌಂಟ್ ಆಗುತ್ತಿರಲಿಲ್ಲ. ಅಲ್ಲಿ ಯಾವುದೋ ಅಡಗಿದ ಫೈಲ್ ಒಂದು ಕೂತಿತ್ತು, ಅದಕ್ಕೇ ಆ ಆಪ್ಷನ್. ಲಿಬ್‌ಫ್ಯೂಸ್ 3ರಲ್ಲಿ ಅದನ್ನು ತೆಗೆದುಹಾಕಿದ್ದಾರೆ. ಹೊಸ ಕಣಜಕ್ಕೆ ಆ ಪದ ಗೊತ್ತಿಲ್ಲ, ಮೌಂಟ್ ಆಗಲಿಲ್ಲ. ಸಾಲಿನಲ್ಲಿ 'ನೋಫೇಲ್' (ಮೌಂಟ್ ಆಗದಿದ್ದರೂ ಬೂಟ್ ನಿಲ್ಲಿಸಬೇಡ) ಕೂಡ ಇದ್ದುದರಿಂದ ಕಂಪ್ಯೂಟರ್ ಏನೂ ಆಗದ ಹಾಗೆ ಬೂಟ್ ಆಯಿತು. ಭಾವ ಕ್ಯಾಮೆರಾದ ಫೋಟೊಗಳನ್ನು ಎಂದಿನಂತೆ ಅದೇ ಫೋಲ್ಡರ್‌ಗೆ ಹಾಕಿದರು. ಅವು ಕಣಜಕ್ಕೆ ಹೋಗಲಿಲ್ಲ, ರೂಟ್ ಡಿಸ್ಕ್‌ನ ಬರೀ ಫೋಲ್ಡರ್‌ಗೆ ಹೋದವು.

ಆಮೇಲೆ ಹಳೆ ಫೋಟೊ ಕಾಣುತ್ತಿಲ್ಲ ಅಂದಾಗ ನಾನು ದೂರದಿಂದಲೇ ಲಾಗಿನ್ ಆಗಿ 'ನಾನ್‌ಎಂಪ್ಟಿ' ಅಳಿಸಿ ಮೌಂಟ್ ಮಾಡಿದ್ದೆ. ತುಂಬಿದ ಫೋಲ್ಡರ್ ಮೇಲೆ ಕಣಜ ಒಂದು ಮಾತೂ ಆಡದೆ ಕೂತುಕೊಂಡಿತು. ಹಳೆಯವು ಬಂದವು, ಹೊಸವು ಅಡಿಯಲ್ಲಿ ಮುಚ್ಚಿಹೋದವು. ಅನ್‌ಮೌಂಟ್ ಮಾಡಿ ನೋಡಿದರೆ 340 ಫೋಟೊ, ಎಲ್ಲ ಹಾಗೇ ಇದ್ದವು. ಅಕ್ಕ ಅಷ್ಟು ಹೊತ್ತು ಫೋನಿನ ಆ ಕಡೆ ಮಾತಿಲ್ಲದೆ ಕೂತಿದ್ದಳು.

ಭಾನುವಾರ

ಬೇರೆಯವರು ಇದನ್ನು ಹೇಗೆ ನಿಭಾಯಿಸಿದ್ದಾರೆ ಅಂತ ಬೆಳಿಗ್ಗೆಯಿಂದ ಕರ್ನಲ್ ಕೋಡ್ ಓದಿದೆ. ಎರಡು ದಾರಿ ಸ್ಪಷ್ಟವಾಗಿ ಕಂಡವು.

ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಬಳಸುವ ಫೈಲ್‌ಸಿಸ್ಟಮ್ ಎಕ್ಸ್ಟ್4 ಹಳೆ ಪದಗಳನ್ನು ಮರೆಯುವುದಿಲ್ಲ. 2015ರಲ್ಲಿ ಲಿನಕ್ಸ್ 4.3ರಿಂದ ಅದರ ಹಿಂದಿನ ಎಕ್ಸ್ಟ್3ರ ಡ್ರೈವರ್ ಅನ್ನೇ ತೆಗೆದರು. ಅಂಥ ಡಿಸ್ಕ್‌ಗಳನ್ನು ಈಗ ಎಕ್ಸ್ಟ್4 ಡ್ರೈವರ್ ನೋಡಿಕೊಳ್ಳುತ್ತದೆ. ಆ ಕಾಲದ 'ನೋಚೆಕ್', 'ರಿಸರ್ವೇಷನ್' ಥರದ ಆಪ್ಷನ್‌ಗಳು ಅದರ ಪಟ್ಟಿಯಲ್ಲಿ 'ತೆಗೆದದ್ದು' ಅನ್ನುವ ಗುರುತಿನೊಂದಿಗೆ ಉಳಿದಿವೆ. ಯಾರಾದರೂ ಬರೆದರೆ, ಇದನ್ನು ತೆಗೆದಿದ್ದೇವೆ, ಲೆಕ್ಕಕ್ಕೆ ಹಿಡಿಯುತ್ತಿಲ್ಲ ಅಂತ ಲಾಗ್‌ನಲ್ಲಿ ಹೇಳಿ ಮೌಂಟ್ ಮಾಡುತ್ತದೆ.

ಇನ್ನೊಂದು ಫೈಲ್‌ಸಿಸ್ಟಮ್ ಎಕ್ಸ್‌ಎಫ್‌ಎಸ್ ಹಾಗಲ್ಲ. 'ನೋಬ್ಯಾರಿಯರ್' (ಡಿಸ್ಕ್‌ಗೆ ಫ್ಲಶ್, ಅಂದರೆ ಕ್ಯಾಶ್‌ನಲ್ಲಿರುವುದನ್ನು ಕೂಡಲೇ ಬರೆ ಅನ್ನುವ ಆಜ್ಞೆ, ಕಳಿಸಬೇಡ ಅನ್ನುವ ಆಪ್ಷನ್) ಬಗ್ಗೆ ಕೆಲವು ಆವೃತ್ತಿಗಳ ಕಾಲ ಎಚ್ಚರಿಕೆ ಕೊಟ್ಟು, 2018ರಲ್ಲಿ 4.19 ಬಂದಾಗ ಪೂರ್ತಿ ಕಿತ್ತುಹಾಕಿತು. ಎಫ್‌ಎಸ್‌ಟ್ಯಾಬ್‌ನಲ್ಲಿ ಆ ಪದ ಉಳಿದಿದ್ದರೆ ಮೌಂಟೇ ಇಲ್ಲ. ಅದನ್ನು ಸುಮ್ನೆ ನುಂಗಿಕೊಂಡಿದ್ದರೆ ಡೇಟಾ ಇನ್ನೂ ಭದ್ರವಾಗುತ್ತಿತ್ತೇ ಹೊರತು ಹಾಳಾಗುತ್ತಿರಲಿಲ್ಲ, ಅಲ್ವಾ? ಡಿಸ್ಕ್‌ಗೆ ಫ್ಲಶ್ ಬೇಕೋ ಬೇಡವೋ ಅಂತ ಕರ್ನಲ್‌ನಲ್ಲಿ ಡಿಸ್ಕ್ ಜೊತೆ ವ್ಯವಹರಿಸುವ ಬ್ಲಾಕ್ ಲೇಯರ್‌ಗೇ ಗೊತ್ತಿರುತ್ತದೆ. ಇಲ್ಲಿ ನನಗೆ ಎಕ್ಸ್ಟ್4ರ ದಾರಿಯೇ ಸರಿ ಅನ್ನಿಸಿತು.

ಆದರೆ ಎಲ್ಲ ಆಪ್ಷನ್‌ಗೂ ಅದು ಸರಿಯಲ್ಲ. 'ಬಿಗ್_ರೈಟ್ಸ್'ಗೆ (ಒಂದೇ ಸಲಕ್ಕೆ ದೊಡ್ಡ ತುಂಡು ಬರೆಯಲು ಬಿಡುವ ಆಪ್ಷನ್) ಸರಿ. ಲಿಬ್‌ಫ್ಯೂಸ್ 3ರಲ್ಲಿ ಅದು ಯಾವಾಗಲೂ ಆನ್. ಹಳೆ ಸಾಲಿನಲ್ಲಿ ಇದ್ದರೆ ತಿಳಿಸಿ ಮುಂದೆ ಹೋದರಾಯಿತು. ನನ್ನದೇ 'ನಕಲು=2' ಬೇರೆ ಥರ. ಪ್ರತಿ ಫೈಲನ್ನೂ ಎರಡು ಡಿಸ್ಕ್‌ನಲ್ಲಿ ಇಡು ಅಂತ ಅದರ ಅರ್ಥ. ಕಣಜ 2ರಲ್ಲಿ ಆ ಕೆಲಸ ಬೇರೆ ಪ್ರೋಗ್ರಾಂಗೆ ಹೋಗಿದೆ. ಈಗ ಆ ಪದವನ್ನು ಕಡೆಗಣಿಸಿ ಮೌಂಟ್ ಮಾಡಿದರೆ, ಎರಡು ಪ್ರತಿ ಇದೆ ಅಂತ ನಂಬಿದವರ ಹತ್ತಿರ ಒಂದೇ ಇರುತ್ತದೆ. ಅಲ್ಲಿ ಮೌಂಟ್ ನಿಲ್ಲಲೇಬೇಕು. ಯಾಕೆ ನಿಂತಿತು, ಬದಲಿಗೆ ಏನು ಓಡಿಸಬೇಕು ಅನ್ನುವುದೂ ಅದೇ ಸಂದೇಶದಲ್ಲಿ ಬರುತ್ತದೆ.

ಬುಧವಾರ

ಲಿಬ್‌ಫ್ಯೂಸ್‌ನಲ್ಲೇ 'ಡಿಸ್ಕಾರ್ಡ್' ಅನ್ನುವ ಕೀ (ಆಪ್ಷನ್ ಗುರುತಿಸುವ ಸಂಖ್ಯೆ) ಇದೆ. ಹಳೆ ಆಪ್ಷನ್‌ಗೆ ಅದನ್ನು ಹಚ್ಚಿದರೆ ಸದ್ದಿಲ್ಲದೆ ಬಿಸಾಕುತ್ತದೆ. ನನಗೆ ಆ ಸದ್ದಿಲ್ಲದಿರುವುದೇ ಬೇಡ. ಅದಕ್ಕೆ ಪ್ರತಿ ಹಳೆ ಪದಕ್ಕೂ ನನ್ನದೇ ಕೀ ಕೊಟ್ಟೆ. ಆಪ್ಷನ್ ಓದುವ ಫಂಕ್ಷನ್ ಸಂದೇಶ ಬರೆದು 0 ವಾಪಸ್ ಕೊಟ್ಟರೆ ಪದ ಅಲ್ಲೇ ಬಿದ್ದುಹೋಗುತ್ತದೆ, -1 ಕೊಟ್ಟರೆ ಮೌಂಟ್ ನಿಲ್ಲುತ್ತದೆ.

ಜಾಸ್ತಿ ಹೊತ್ತು ಹಿಡಿದದ್ದು 'ನಾನ್‌ಎಂಪ್ಟಿ'. ಮೊದಲು, ಆ ಪದವನ್ನು ಒಪ್ಪಿಕೊಂಡುಬಿಟ್ಟರೆ ಮುಗಿಯಿತು ಅಂದುಕೊಂಡಿದ್ದೆ. ಆದರೆ ಲಿಬ್‌ಫ್ಯೂಸ್ 3ರಲ್ಲಿ ನಿಜವಾಗಿ ಬದಲಾದದ್ದು ಆ ಪದ ಬರೆಯದೇ ಇದ್ದವರ ಪಾಡು. ಹಿಂದೆ ಬರೆಯದಿದ್ದರೆ ಕಾವಲು ಇರುತ್ತಿತ್ತು. ಈಗ ಯಾರಿಗೂ ಇಲ್ಲ. ಬೇಕಾದವರು ತಾವೇ ನೋಡಿಕೊಳ್ಳಬೇಕು. ಮಾಮೂಲಿ ಮೌಂಟ್ ಕಮಾಂಡ್ ಕೂಡ ಹೀಗೇ ಅನ್ನುವುದು ಲಿಬ್‌ಫ್ಯೂಸ್‌ನವರ ಕಾರಣ, ಅದು ನ್ಯಾಯವಾದದ್ದೇ. ಆದರೂ ಭಾವನ ಫೋಟೊಗಳ ಮೇಲೆ ಕಣಜ ಕೂತಿದ್ದು ಈ ಕಾವಲು ಇಲ್ಲದ್ದರಿಂದ. ಹಾಗಾಗಿ ಕಣಜದಲ್ಲಿ ಅದನ್ನು ವಾಪಸ್ ತರುತ್ತಿದ್ದೇನೆ, ಪದಕ್ಕೂ ಹಳೆಯ ಅರ್ಥವೇ.

ಈ ತಪಾಸಣೆಯನ್ನು ಮೊದಲು, ಶುರುವಿನಲ್ಲಿ ಲಿಬ್‌ಫ್ಯೂಸ್ ಕರೆಯುವ 'ಇನಿಟ್' ಫಂಕ್ಷನ್‌ನಲ್ಲಿ ಬರೆದೆ. ಓಡಿಸಿದರೆ ಪೂರ್ತಿ ಸ್ತಬ್ಧ. 'ಇನಿಟ್' ಬರುವ ಹೊತ್ತಿಗೆ ಮೌಂಟ್ ಆಗಿಬಿಟ್ಟಿರುತ್ತದೆ. ಫೋಲ್ಡರ್ ತೆರೆಯಲು ಹೋದರೆ ಕರ್ನಲ್ ಆ ಕೋರಿಕೆಯನ್ನು ಕಣಜಕ್ಕೇ ಕೊಡಬೇಕು. 'ಇನಿಟ್' ಮುಗಿಯುವ ತನಕ ಕರ್ನಲ್ ಕೊಡುವುದಿಲ್ಲ, ಫೋಲ್ಡರ್ ತೆರೆಯುವ ತನಕ 'ಇನಿಟ್' ಮುಗಿಯುವುದಿಲ್ಲ. ಪ್ರೋಗ್ರಾಂ ಅನ್ನು ಬಲವಂತವಾಗಿ ನಿಲ್ಲಿಸುವ ಕಿಲ್ -9 ಹೊಡೆದ ಮೇಲೆ ಬಿಟ್ಟಿತು. ಈಗ ಆಪ್ಷನ್ ಓದುವಾಗಲೇ ಮೌಂಟ್ ಫೋಲ್ಡರ್‌ನ ಹೆಸರು ಹಿಡಿದಿಟ್ಟುಕೊಂಡು, ಮೌಂಟ್ ಶುರುಮಾಡುವ 'ಫ್ಯೂಸ್_ಮೇನ್' ಕರೆಯುವ ಮುಂಚೆ ಒಳಗಿರುವುದನ್ನು ಎಣಿಸುತ್ತೇನೆ. ಏನಾದರೂ ಇದ್ದರೆ ಮೌಂಟ್ ಇಲ್ಲ. 'ನಾನ್‌ಎಂಪ್ಟಿ' ಬರೆದಿದ್ದರೆ ಮೌಂಟ್ ಉಂಟು, ಎಷ್ಟು ಫೈಲ್ ಅಡಿಗೆ ಹೋಗುತ್ತಿವೆ ಅಂತ ಹೇಳಿಯೇ.

ಶುಕ್ರವಾರ

ಆ 340 ಫೋಟೊಗಳನ್ನು ಕಣಜದೊಳಗೆ ಸೇರಿಸಿ, ಭಾವನ ಎಫ್‌ಎಸ್‌ಟ್ಯಾಬ್‌ಗೆ ಹಳೆ ಸಾಲನ್ನೇ ಮೊದಲಿದ್ದ ಹಾಗೆ ವಾಪಸ್ ಬರೆದು ರೀಬೂಟ್ ಮಾಡಿಸಿದೆ. ಮೌಂಟ್ ಆಯಿತು. ಲಾಗ್‌ನಲ್ಲಿ ಎರಡು ಸಾಲು. 'ಬಿಗ್_ರೈಟ್ಸ್ ಈಗ ಬೇಕಿಲ್ಲ, ಸಾಲಿನಿಂದ ತೆಗೆಯಬಹುದು.' 'ಮೌಂಟ್ ಅಡಿಯಲ್ಲಿ 1 ಫೈಲ್ ಮುಚ್ಚಿಹೋಗುತ್ತಿದೆ.' ಆ ಹಳೆ ಅಡಗಿದ ಫೈಲ್ ಇನ್ನೂ ಅಲ್ಲೇ ಇದೆ. 'ನಕಲು=2' ಬಳಸುವ ಮನೆಗಳು ಎರಡು, ನಾಳೆ ಅವರಿಗೆ ಫೋನ್ ಮಾಡಬೇಕು.