ರಿಪೋರ್ಟಿನ ಅಂಕಿಗಿಂತ ಮೊದಲು ಪಕ್ಕದ ಯೂನಿಟ್ ನೋಡಿ

ನಮ್ಮ ಜಿಲ್ಲೆಯಲ್ಲಿ ಕಾಯಿಲೆ ಸ್ವಲ್ಪ ಜೋರಾದರೆ ಸಾಕು, ಒಂದೇ ಫೈಲಿನಲ್ಲಿ ನಾಲ್ಕೂರಿನ ರಕ್ತಪರೀಕ್ಷೆಯ ರಿಪೋರ್ಟ್ ಸೇರಿಬಿಡುತ್ತವೆ. ಕಾರವಾರದ್ದೊಂದು, ಮಣಿಪಾಲದ್ದೊಂದು, ಹುಬ್ಬಳ್ಳಿಯದ್ದೊಂದು, ಗೋವಾದ್ದೊಂದು. ಮನೆಯಲ್ಲಿ ಯಾರಾದರೂ ಗಲ್ಫಿನಲ್ಲೋ ಹಡಗಿನಲ್ಲೋ ಇದ್ದರೆ ಅಲ್ಲಿಯದ್ದೂ ಬರುತ್ತದೆ. ಅವನ್ನೆಲ್ಲ ಪಕ್ಕಪಕ್ಕ ಇಟ್ಟು ಜಾಸ್ತಿಯಾಯ್ತು, ಕಡಿಮೆಯಾಯ್ತು ಅನ್ನುವ ಮೊದಲು, ಅಂಕಿಯ ಪಕ್ಕ ಸಣ್ಣಕ್ಷರದಲ್ಲಿ ಇರುವ ಯೂನಿಟ್ ನೋಡಲೇಬೇಕು.

ಈಚೆಗೆ ಭಾವ ಗಲ್ಫಿನಿಂದ ಮನೆಯ ವಾಟ್ಸಾಪ್ ಗ್ರೂಪಿಗೆ ರಿಪೋರ್ಟಿನ ಫೋಟೋ ಹಾಕಿದರು. ಕಿಡ್ನಿ ಹೇಗಿದೆ ಅಂತ ತಿಳಿಸುವ ಕ್ರಿಯೇಟಿನಿನ್ 97. ಊರಲ್ಲಿ 1.5 ದಾಟಿದರೇ ಹೆದರುತ್ತೇವೆ, ಇದೇನು 97 ಅಂತ ಅಕ್ಕನಿಗೆ ಗಾಬರಿ. ಅಂಕೋಲೆಯಿಂದ ಅತ್ತೆಯ ಫೋನು: "ಕಿಡ್ನಿಗೇನಾದ್ರೂ ಆಯ್ತಾ ಮಾರಾಯಾ?" ಫೋಟೋ ದೊಡ್ಡದು ಮಾಡಿ ನೋಡಿದರೆ ಪಕ್ಕದಲ್ಲಿ ಮೈಕ್ರೋಮೋಲ್ ಪರ್ ಲೀಟರ್ ಅಂತ ಇತ್ತು. 88.4ರಿಂದ ಭಾಗಿಸಿದರೆ ನಮ್ಮ ಲೆಕ್ಕದ ಸುಮಾರು 1.1 ಮಿ.ಗ್ರಾಂ. ಅದೇ ಸಾಲಿನ ಕೊನೆಯಲ್ಲಿ ಆ ಲ್ಯಾಬಿನ ರೇಂಜ್, ಅಂದರೆ ಸಹಜ ಮಿತಿ, 62ರಿಂದ 115 ಅಂತಲೂ ಇತ್ತು. ಅದನ್ನು ಮಾತ್ರ ಯಾರೂ ನೋಡಿರಲಿಲ್ಲ.

ಇಲ್ಲಿ ಒಂದು ಡೆಸಿಲೀಟರ್ ರಕ್ತದಲ್ಲಿ, ಅಂದರೆ 100 ಮಿ.ಲೀ.ನಲ್ಲಿ, ಎಷ್ಟು ಮಿಲಿಗ್ರಾಂ ಇದೆ ಅಂತ ತೂಕ ಹೇಳುತ್ತಾರೆ. ಬ್ರಿಟನ್, ಕೆನಡಾ, ಆಸ್ಟ್ರೇಲಿಯಾದ ಕಡೆ ಒಂದು ಲೀಟರಿನಲ್ಲಿ ಎಷ್ಟು ಅಣುಗಳಿವೆ ಅಂತ ಮೋಲ್ ಲೆಕ್ಕ. ಕಾರವಾರದ ಮೀನು ಮಾರ್ಕೆಟ್ಟಿನಲ್ಲಿ ಒಂದು ಕಿಲೋಗೆ ಬಂಗಡೆ ಎಷ್ಟು ಬರುತ್ತೆ, ತಾರ್ಲೆ ಎಷ್ಟು ಬರುತ್ತೆ? ತೂಕ ಒಂದೇ, ಎಣಿಸಿದರೆ ಬೇರೆ ಬೇರೆ, ಅಲ್ವಾ? ಇದೂ ಹಾಗೇ. ಗ್ಲೂಕೋಸ್ ಅಣುವಿನ ತೂಕ ಸುಮಾರು 180, ಕೊಲೆಸ್ಟ್ರಾಲಿನದ್ದು ಸುಮಾರು 387. ಹಾಗಾಗಿ ಶುಗರ್ ಅನ್ನು 18ರಿಂದ ಭಾಗಿಸಿದರೆ ಮಿಲಿಮೋಲ್, ಕೊಲೆಸ್ಟ್ರಾಲ್ ಅನ್ನು 38.67ರಿಂದ. ರಕ್ತದ ಇನ್ನೊಂದು ಕೊಬ್ಬಾದ ಟ್ರೈಗ್ಲಿಸರೈಡ್‌ಗೆ 88.57. ಒಂದಕ್ಕೆ ಹಾಕಿದ ಲೆಕ್ಕವನ್ನು ಇನ್ನೊಂದಕ್ಕೆ ಸುಮ್ನೆ ಹಾಕಲು ಬರುವುದಿಲ್ಲ. ವಿದೇಶದಿಂದ ತಂದ ಗ್ಲೂಕೋಮೀಟರ್ 7 ಅಂತ ತೋರಿಸಿದರೆ ಅದು ನಮ್ಮ 126.

ನನಗೆ ನಿಜವಾಗಿ ಭಯ ಇರುವುದು ಕಿಡ್ನಿಯದ್ದೇ ಇನ್ನೊಂದು ಪರೀಕ್ಷೆಯಾದ ಯೂರಿಯಾ ಬಗ್ಗೆ. 97 ಅಂತ ಕಂಡರೆ ಜನ ಹೆದರಿ ಕೇಳುತ್ತಾರೆ, ಹಾಗಾಗಿ ತಪ್ಪು ಅಲ್ಲೇ ಸರಿಹೋಗುತ್ತದೆ. ಯೂರಿಯಾದಲ್ಲಿ ಎರಡೂ ಲ್ಯಾಬಿನ ಯೂನಿಟ್ ಒಂದೇ, ಮಿ.ಗ್ರಾಂ. ಆದರೆ ಒಂದು ಲ್ಯಾಬ್ ಪೂರ್ತಿ ಯೂರಿಯಾ ಬರೆಯುತ್ತದೆ, ಇನ್ನೊಂದು ಅದರೊಳಗಿನ ನೈಟ್ರೋಜನ್ ಮಾತ್ರ, ಬಿಯುಎನ್ ಅಂತ. ಬಿಯುಎನ್ ಅನ್ನು 2.14ರಿಂದ ಗುಣಿಸಿದರೆ ಯೂರಿಯಾ. ಒಂದು ಊರಲ್ಲಿ ಯೂರಿಯಾ 48 ಬಂದು, ಮುಂದಿನ ಸಲ ಬೇರೆ ಊರಲ್ಲಿ ಬಿಯುಎನ್ 22 ಬಂದರೆ ಮನೆಯವರು ಅರ್ಧಕ್ಕೆ ಇಳಿಯಿತು ಅಂತ ಖುಷಿಪಡುತ್ತಾರೆ. ಗುಣಿಸಿ ನೋಡಿ, 47. ಏನೂ ಇಳಿದಿಲ್ಲ. ಪಥ್ಯ ಬಿಡುವುದು, ಡಾಕ್ಟರ ಹತ್ತಿರ ಹೋಗುವುದು ಮುಂದೂಡುವುದು, ಎಲ್ಲ ಇಂಥ ಖುಷಿಯಲ್ಲೇ ಶುರುವಾಗುತ್ತದೆ.

ಸಿದ್ದಾಪುರ, ಸಿರ್ಸಿ ಕಡೆಯವರಿಗೆ ಮಂಗನ ಕಾಯಿಲೆಯಿಂದಾಗಿ ಪ್ಲೇಟ್‌ಲೆಟ್ ಅನ್ನೋದು ಮನೆಮಾತು. ಅಲ್ಲೂ ಹೀಗೇ: 85,000, 0.85 ಲಕ್ಷ, ಬರೀ 85, ಮೂರೂ ಒಂದೇ. 85 ಅಂತ ಇದ್ದಲ್ಲಿ ಪಕ್ಕದಲ್ಲಿ ಸಾವಿರದ ಗುರುತು ಇರುತ್ತದೆ.

ಮೂರು ತಿಂಗಳ ಸರಾಸರಿ ಶುಗರ್, ಅಂದರೆ ಎಚ್‌ಬಿಎ1ಸಿ, ಮಾತ್ರ ಬರೀ ಭಾಗಾಕಾರಕ್ಕೆ ಸಿಗುವುದಿಲ್ಲ. ಮಿಲಿಮೋಲ್ ಪರ್ ಮೋಲ್ ಬೇಕಾದರೆ ಶೇಕಡಾದಿಂದ 2.15 ಕಳೆದು 10.93ರಿಂದ ಗುಣಿಸಬೇಕು. ನಮ್ಮ 7 ಬ್ರಿಟನ್ನಿನಲ್ಲಿ 53 ಆಗುತ್ತದೆ, 6.5 ಅಂದರೆ 48.

ಡಾಕ್ಟರಿಗೆ ಫೋಟೋ ಕಳಿಸುವವರು ದಯವಿಟ್ಟು ಅಂಕಿಯಷ್ಟನ್ನೇ ಕತ್ತರಿಸಿ ಕಳಿಸಬೇಡಿ. ಲ್ಯಾಬಿನ ಹೆಸರು, ತಾರೀಖು, ಯೂನಿಟ್, ರೇಂಜ್ ಎಲ್ಲ ಕಾಣುವ ಹಾಗೆ ಪೂರ್ತಿ ಹಾಳೆ ಕಳಿಸಿ. ಮನೆಯಲ್ಲಿ ಲೆಕ್ಕ ಹಾಕಿ ಪರಿವರ್ತಿಸಿದ್ದರೆ ಅದನ್ನು ಮೂಲ ಅಂಕಿಯ ಮೇಲೆ ತಿದ್ದದೆ, ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆದಿಡಿ.